ಒಣಗಿಸಿ, ಕುಟ್ಟಿ, ಜರಡಿ ಹಿಡಿದು

ನಡು ಆಟಿಯ ಹತ್ತೊಂಬತ್ತನೆಯ ದಿನ,
ಕಡಲೇರಿದ ಇನ್ನೂರ ಹನ್ನೊಂದನೆಯ ವರ್ಷ.
ಮುರಪದವು, ಹಿಮ್ಮೊಗದ ಅಂಚೆಮನೆಯ ಜಗಲಿಯಿಂದ.

ಪ್ರಿಯ ಪ್ರತೀಕ್ಷಾ ಕರ್ಕೇರ ಅವರಿಗೆ,

ಮೇಲಿನ ತಾರೀಖನ್ನು ನಿಮ್ಮ ಯಾವ ಕ್ಯಾಲೆಂಡರಿನಲ್ಲಿಯೂ ಹುಡುಕಬೇಡಿ, ಸಿಗುವುದಿಲ್ಲ. ನಿಮ್ಮ ಕರಾವಳಿಗೆ ಮಳೆಯ ಆಟಿ ಒಂದೇ ತಿಂಗಳು ಇತ್ತಂತೆ. ನಮಗೆ ಮೊದಲ ಆಟಿ, ನಡು ಆಟಿ, ಕಡೆ ಆಟಿ ಎಂದು ಮೂರು. ಮಳೆಯನ್ನು ಗಿಡ್ಡ ಮಾಡುವುದು ಕೈಯಲ್ಲಾಗದೆ ನಮ್ಮ ಹಿರಿಯರು ತಿಂಗಳನ್ನು ಉದ್ದ ಮಾಡಿದರು. ಹೀಗೆ ನಮ್ಮ ಮಾತುಗಳಲ್ಲಿ ಅನೇಕವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಅರ್ಥವಾಗದ ಕಡೆ ನಾನೇ ಬಿಡಿಸಿ ಹೇಳುತ್ತ ಹೋಗುತ್ತೇನೆ. ದಯವಿಟ್ಟು ಕಾಗದವನ್ನು ಕೆಳಗಿಡಬೇಡಿ. ಒಂದು ಜೀವ ಇದರ ಮೇಲೆ ನಿಂತಿದೆ, ಆ ಜೀವ ನನ್ನ ಹೆಂಡತಿಯದು.

ನಾನು ಐತಪ್ಪ, ಮುರಪದವಿನ ಮಣ್ಣುಮನೆಯಲ್ಲಿ ಓದಿಸುವವನು. ಮಣ್ಣುಮನೆ ಎಂದರೆ ನಿಮ್ಮ ಕಾಲದ ವಿಶ್ವವಿದ್ಯಾಲಯದಲ್ಲಿ ಮಿಕ್ಕೆಲ್ಲ ವಿಭಾಗಗಳನ್ನೂ ತೆಗೆದು ಮಣ್ಣಿನ ವಿಭಾಗವನ್ನು ಮಾತ್ರ ಉಳಿಸಿದರೆ ಏನಾಗುತ್ತದೋ ಅದು. ನೀವು ಯಾರೆಂದು ನನಗೆ ಚೆನ್ನಾಗಿ ಗೊತ್ತು. ವಯಸ್ಸಿನಲ್ಲಿ ನೀವು ನನ್ನ ಮಗಳಷ್ಟು, ಕಾಲದಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿ. ನಿಮ್ಮ ಪ್ರಬಂಧದ ಕೃತಜ್ಞತೆಯ ಪುಟ ನನಗೆ ಬಾಯಿಪಾಠ. ಮಣ್ಣಿನ ಚೀಲ ಹೊತ್ತುಕೊಟ್ಟ ತಮ್ಮನಿಗೆ, ಬುತ್ತಿಯಲ್ಲಿ ಯಾವಾಗಲೂ ಒಂದು ಹಿಡಿ ಹೆಚ್ಚು ಇಟ್ಟ ಅಮ್ಮನಿಗೆ, ಪಕ್ಕದ ಮೇಜಿನಲ್ಲಿ ಗಾಜಿನ ಮಣಿಗಳ ರಾಶಿ ಸುರಿದು ಅದು ಹೇಗೆ ಜಾರುತ್ತದೆಂದು ನೋಡುತ್ತ ನಿಮ್ಮ ತಲೆ ತಿಂದ ಸಹಪಾಠಿಗೆ, ಎಲ್ಲರಿಗೂ ನೀವು ನಮಸ್ಕಾರ ಹೇಳಿದ್ದೀರಿ. ನಮ್ಮಲ್ಲಿ ಮಕ್ಕಳಿಗೆ ಕತೆ ಹೇಳಲು ಪುಸ್ತಕಗಳಿಲ್ಲ. ಮುಳುಗಿದ ಊರುಗಳಿಂದ ದೋಣಿಯಲ್ಲಿ ಉಳಿಸಿ ತಂದದ್ದು ದಪ್ಪ ರಟ್ಟಿನ ಪ್ರಬಂಧಗಳನ್ನು ಮಾತ್ರ. ಅವುಗಳಲ್ಲಿ ಕತೆಯ ಹಾಗೆ ಓದಬಹುದಾದದ್ದು ಕೃತಜ್ಞತೆಯ ಪುಟ ಒಂದೇ.

ನಾವು ವಾಸಿಸುವ ಗುಡ್ಡ ನಿಮಗೆ ಗೊತ್ತು. ನೀವು ಮಣ್ಣು ತೆಗೆದದ್ದು ಇದರದೇ ಮೂಡುಬದಿಯಿಂದ, ರಸ್ತೆ ಅಗಲ ಮಾಡಲು ಕಡಿದ ಜಾಗದಲ್ಲಿ. ಈಗ ರಸ್ತೆ ಇಲ್ಲ, ಗುಡ್ಡದ ಪಾದಕ್ಕೆ ಕಡಲಿನ ಹಿನ್ನೀರು ಬಂದಿದೆ. ಮೇಲೆ ಗಟ್ಟಿ ಕೆಂಪು ಮುರಕಲ್ಲಿನ ಸಮತಟ್ಟು, ಅದರ ಮೇಲೆ ಸಾವಿರ ಜನ. ಮುರಕಲ್ಲಿನ ಅಡಿಯಲ್ಲಿ ಏನಿದೆಯೆಂದು ನಿಮಗೆ ಹೇಳಬೇಕಾಗಿಲ್ಲ. ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಬೇಸಗೆಯಲ್ಲಿ ಗುದ್ದಲಿಗೂ ಬಗ್ಗದು, ನೀರು ಕುಡಿದ ಮೇಲೆ ಅದರ ಗುಣವೇ ಬೇರೆ. ಆದ್ದರಿಂದ ನಮ್ಮ ಬದುಕೆಲ್ಲ ಗುಡ್ಡಕ್ಕೆ ಭಾರವಾಗದಂತೆ, ಅದಕ್ಕೆ ನೀರು ಕುಡಿಸದಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ನಮ್ಮಲ್ಲಿ ಬಾವಿ ತೋಡುವ ಹಾಗಿಲ್ಲ. ಮನೆಯ ಮಾಡಿನ ನೀರು ಒಂದು ಹನಿಯೂ ನೆಲಕ್ಕೆ ಬೀಳದೆ ಕೊಳವೆಗಳಲ್ಲಿ ಹರಿದು ನೇರ ಕಡಲಿಗೆ ಹೋಗಬೇಕು. ಮದುಮಗಳು ಮನೆಗೆ ಬಂದರೆ ಅವಳ ತೂಕದಷ್ಟು ಕಲ್ಲನ್ನು ಗಂಡನ ಮನೆಯವರು ಗುಡ್ಡದಿಂದ ಕೆಳಗಿಳಿಸಬೇಕು. ಮಗು ಹುಟ್ಟಿದರೂ ಹಾಗೆಯೇ. ಇದಕ್ಕೆ ಭಾರನ್ಯಾಯ ಎನ್ನುತ್ತೇವೆ. ನನ್ನ ಮದುವೆಯಲ್ಲಿ ನಾನು ಹೊತ್ತು ಇಳಿಸಿದ ಕಲ್ಲನ್ನು ನೋಡಿ ಊರವರು ಬಹಳ ದಿನ ನಗುತ್ತಿದ್ದರು, ಏಕೆಂದರೆ ದೇಜಮ್ಮ ಆಗ ಕಡ್ಡಿಯಂತಿದ್ದಳು. ಮಳೆಗಾಲದಲ್ಲಿ ಚೆಂಡೆ ಬಾರಿಸುವುದಿಲ್ಲ, ಒನಕೆ ಕುಟ್ಟುವುದಿಲ್ಲ, ಮಕ್ಕಳು ಓಡಿದರೆ ಬೈಗುಳ. ಗೋಡೆಯ ಪ್ರತಿ ಬಿರುಕಿನ ಮೇಲೂ ಸುಣ್ಣದ ಪಟ್ಟಿ ಬಳಿದಿರುತ್ತೇವೆ. ಬೆಳಿಗ್ಗೆ ಎದ್ದವರು ದೇವರ ಮುಖ ನೋಡುವ ಮೊದಲು ಸುಣ್ಣದ ಪಟ್ಟಿ ಒಡೆದಿದೆಯೇ ಎಂದು ನೋಡುತ್ತಾರೆ. ಆಮೇಲೆ ಗಂಜಿ, ಉಪ್ಪಿನಕಾಯಿ, ಸಿಕ್ಕಿದರೆ ಕೆಸುವಿನ ಎಲೆಯ ಪತ್ರೊಡೆ. ಹೆದರಿಕೆಯೂ ದಿನಾ ತಿಂದರೆ ರೂಢಿಯಾಗುತ್ತದೆ.

ಗುಡ್ಡ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂದು ತೀರ್ಮಾನಿಸುವುದು ನಿಮ್ಮ ಅಂಕಿಗಳು. ಮಣ್ಣನ್ನು ಮೂರು ದಿಕ್ಕಿನಿಂದ ಒತ್ತಿ ನೋಡುವ ಯಂತ್ರ ನಿಮ್ಮಲ್ಲಿತ್ತು, ನಮ್ಮಲ್ಲಿ ಅದರ ಚಿತ್ರ ಮಾತ್ರ ಇದೆ. ಹಾಗಾಗಿ ನಿಮ್ಮ ಕಾಲದ ಯಂತ್ರದಲ್ಲಿ ಹುಟ್ಟಿದ ಸಂಖ್ಯೆಗೆ ನಾವು ಹಿರಿಯಂಕೆ ಎಂದು ಹೆಸರಿಟ್ಟು ತಲೆಯ ಮೇಲೆ ಹೊತ್ತಿದ್ದೇವೆ. ಹಿರಿಯಂಕೆಯನ್ನು ಇನ್ನೊಂದು ಹಿರಿಯಂಕೆ ಮಾತ್ರ ಮೀರಬಹುದು, ಇದು ನಮ್ಮ ಊರನ್ನು ಆಳುವ ಹಿರಿಸಭೆಯ ಕಟ್ಟಳೆ. ಮೂಡುಬದಿಯ ಇಳಿಜಾರಿನ ಹಿರಿಯಂಕೆ ನಿಮ್ಮ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿದೆ. ಈ ಮಣ್ಣು ಮೂವತ್ತೆರಡು ಡಿಗ್ರಿ ಓರೆಯವರೆಗೆ ಜಾರದೆ ತಾಳಿಕೊಳ್ಳುತ್ತದೆ ಎಂದು ನೀವು ಬರೆದಿದ್ದೀರಿ. ನಮ್ಮ ಇಳಿಜಾರು ಅದಕ್ಕಿಂತ ಕಡಿಮೆ. ಆ ಒಂದು ಸಾಲಿನ ಮೇಲೆ ನಾವು ಮನೆ ಕಟ್ಟಿದೆವು, ಮಕ್ಕಳನ್ನು ಹೆತ್ತೆವು.

ಈಗ ನಮ್ಮ ಮಂಗಳಾಚರಣೆಯ ವಿಷಯ ಹೇಳಬೇಕು, ನಗಬೇಡಿ. ನಿಮ್ಮ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿದ್ದವು. ನಮ್ಮ ಅಜ್ಜಂದಿರು ಕೂತು ಕನ್ನಡಕ್ಕೆ ತಂದರು. ತರುವಾಗ ಒಂದು ವಿಷಯ ಅವರ ಗಮನಕ್ಕೆ ಬಂತು. ಯಾವ ಪ್ರಬಂಧ ತೆಗೆದರೂ, ಯಾರೇ ಬರೆದಿರಲಿ, ಪರೀಕ್ಷೆಯ ಅಧ್ಯಾಯ ಶುರುವಾಗುವುದು ಒಂದೇ ಮಾತಿನಿಂದ: ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು. ಎಲ್ಲರೂ ಒಂದೇ ಮಾತಿನಿಂದ ಆರಂಭಿಸುತ್ತಾರೆಂದರೆ ಅದು ಮಂತ್ರವಲ್ಲದೆ ಇನ್ನೇನು? ಹಾಗೆಂದು ನಮ್ಮವರು ಅದನ್ನು ಮಂತ್ರವೆಂದೇ ತಿಳಿದರು. ಇಂದಿಗೂ ಮಣ್ಣುಮನೆಯಲ್ಲಿ ಪಾಠ ಶುರುವಾಗುವ ಮೊದಲು ಎಲ್ಲರೂ ಎದ್ದು ನಿಂತು ‘ಒಣಗಿಸಿ, ಕುಟ್ಟಿ, ಜರಡಿ ಹಿಡಿದು’ ಎಂದು ಮೂರು ಸಲ ಹೇಳುತ್ತೇವೆ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಮರಳಿನ ಮೇಲೆ ಮೊದಲು ಬರೆಸುವುದು ಇದನ್ನೇ. ಇದಕ್ಕೆ ವ್ಯಾಖ್ಯಾನಗಳೂ ಹುಟ್ಟಿವೆ: ಆಸೆಯನ್ನು ಒಣಗಿಸಿ, ಅಹಂಕಾರವನ್ನು ಕುಟ್ಟಿ, ಒಳಿತು ಕೆಡುಕನ್ನು ಜರಡಿ ಹಿಡಿದು ಎಂದು. ನಾನೇ ಈ ಬಗ್ಗೆ ಎಷ್ಟು ಭಾಷಣ ಮಾಡಿದ್ದೇನೋ ಲೆಕ್ಕವಿಲ್ಲ. ಚಪ್ಪಾಳೆಯೂ ಬಿದ್ದಿದೆ. ಅದು ಮಣ್ಣಿಗೆ ಏನು ಮಾಡಿದರು ಎಂದು ಹೇಳುವ ಸಾದಾ ಮಾತು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಅಜ್ಜ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವುದು ಎನ್ನುತ್ತಾರಲ್ಲ, ನಾವು ಆ ಮರಕ್ಕೆ ದಿನಾ ಪೂಜೆಯನ್ನೂ ಮಾಡಿದೆವು.

ನಿಮ್ಮಲ್ಲಿ ಪದವಿ ಕೊಡುವ ಮೊದಲು ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ನಾಲ್ಕು ಪ್ರಶ್ನೆ ಕೇಳಿ, ಚಹಾ ಬಿಸ್ಕೆಟ್ ಮುಗಿಸಿ ರೈಲು ಹಿಡಿಯುತ್ತಿದ್ದರಂತೆ. ನಮ್ಮ ಪರೀಕ್ಷೆಗೆ ಬುಡವಾಸ ಎಂದು ಹೆಸರು. ಯಾರು ಒಂದು ಇಳಿಜಾರು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಬರೆದುಕೊಡುತ್ತಾರೋ ಅವರು ಅದರ ಬುಡದಲ್ಲಿ ಗುಡಿಸಲು ಹಾಕಿಕೊಂಡು ಇಡೀ ಮಳೆಗಾಲ ಒಬ್ಬರೇ ವಾಸಿಸಬೇಕು. ಮಳೆ ಹಿಡಿಯುವ ಮುನ್ನ ಪತ್ತನಾಜೆಗೆ ಇಳಿದರೆ ಆಟಿಗಳೆಲ್ಲ ಮುಗಿದು ಸೋಣ ತಿಂಗಳು ಹುಟ್ಟಿದ ಮೇಲೆ ಹತ್ತುವುದು. ಗುಡಿಸಲಿನ ಸುತ್ತ ಸುಣ್ಣದ ಗೆರೆ ಎಳೆದಿರುತ್ತದೆ, ಅದನ್ನು ಬೇರೆಯವರು ದಾಟಬಾರದು. ಬಾಗಿಲಲ್ಲಿ ಒಂದು ದೊಡ್ಡ ಗಂಟೆ. ಇಳಿಜಾರು ಅಲುಗುವ ಸೂಚನೆ ಕಂಡರೆ ಗಂಟೆ ಬಾರಿಸಬೇಕು. ಮೇಲಿನ ಜನ ಪಡುಬದಿಯ ಗಟ್ಟಿ ಬಂಡೆಗೆ ಓಡಿ, ಎಲ್ಲರೂ ಸೇರಿದ ಮೇಲೆ ಶಂಖ ಊದುತ್ತಾರೆ. ಶಂಖ ಕೇಳುವವರೆಗೆ ಗಂಟೆ ನಿಲ್ಲಿಸುವಂತಿಲ್ಲ. ಮೂಡುಬದಿಯ ಇಳಿಜಾರನ್ನು ಇಪ್ಪತ್ತು ವರ್ಷಕ್ಕೊಮ್ಮೆ ಮರುಲೆಕ್ಕ ಹಾಕುವ ಪದ್ಧತಿ. ಈ ಸಲ ಆ ಲೆಕ್ಕ ದೇಜಮ್ಮನ ಪಾಲಿಗೆ ಬಂತು. ನಿಮ್ಮ ಅಂಕೆಯನ್ನು ಇಟ್ಟುಕೊಂಡು ಅವಳು ಹಾಕಿದ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ, ನಾನು ಎರಡು ಸಲ ತಾಳೆ ನೋಡಿದ್ದೇನೆ. ಪತ್ತನಾಜೆಯ ದಿನ ಒಂದು ಚಾಪೆ, ಒಂದು ಕೊಡೆ, ಒಂದು ಭರಣಿ ಉಪ್ಪಿನಕಾಯಿ ಹಿಡಿದು, ತವರಿಗೆ ಹೋಗುವವಳ ಹಾಗೆ ಖುಷಿಯಲ್ಲಿ ಇಳಿದು ಹೋದಳು.

ದಿನಕ್ಕೊಮ್ಮೆ ನಾನು ಗಂಜಿ ಕೊಂಡುಹೋಗುತ್ತೇನೆ. ಸುಣ್ಣದ ಗೆರೆಯ ಈಚೆ ನಾನು, ಆಚೆ ಅವಳು. ಮೊದಲ ಆಟಿಯಲ್ಲಿ ಒಂದು ದಿನ ಹೋದಾಗ ಗುಡಿಸಲಿನ ಹಿಂದೆ ಒಂದು ಒರತೆ ಹುಟ್ಟಿತ್ತು. ಅಲ್ಲಿಂದ ಸ್ವಲ್ಪ ಶೇಡಿ ಮಣ್ಣು ಉಂಡೆಯಾಗಿ ಹೊರಗೆ ಬಿದ್ದಿತ್ತು. ಮಣ್ಣು ಕೈಗೆ ಸಿಕ್ಕಿದರೆ ನಾವು ಮೊದಲು ಮಾಡುವುದು ಒಲೆಯ ಮೇಲಿಟ್ಟು ಒಣಗಿಸುವುದು, ಅದು ನಮಗೆ ಉಸಿರಾಟದಷ್ಟು ಅಭ್ಯಾಸ. ಆದರೆ ಆ ದಿನ ದೇಜಮ್ಮ ಗೆರೆಯ ಬಳಿ ಬಂದು, “ಒಲೆ ಹತ್ತುದಿಲ್ಲ ಮಾರಾಯ್ರೇ, ಮಳೆಗೆ ಸೌದೆ ಎಲ್ಲ ಚಂಡಿ. ನಾಳೆ ಬರುವಾಗ ನಾಲ್ಕು ಒಣ ತೆಂಗಿನ ಮಡಲು ತನ್ನಿ” ಎಂದಳು. ಒಲೆ ಹತ್ತಿದ್ದರೆ ಅವಳೂ ಒಣಗಿಸುತ್ತಿದ್ದಳು, ನಾವೆಲ್ಲ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದೆವು. ಬೇರೆ ಕೆಲಸವಿಲ್ಲದೆ ಅವಳು ಆ ಹಸಿ ಮಣ್ಣನ್ನೇ ಒಂದು ಹಲಗೆಯ ಮೇಲಿಟ್ಟು ಓರೆ ಮಾಡಿದಳು. ಹಲಗೆಯನ್ನು ಸರಿಯಾಗಿ ಎತ್ತುವ ಮೊದಲೇ ಅದು ದೋಸೆ ಹಿಟ್ಟಿನ ಹಾಗೆ ಕೆಳಗಿಳಿಯಿತಂತೆ. ಮಾರನೆಯ ದಿನ ನಾನು ಮಡಲು ಕೊಟ್ಟೆ. ಅದೇ ಒರತೆಯ ಅದೇ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಮತ್ತೆ ಅಷ್ಟೇ ನೀರು ಬೆರೆಸಿ ಇನ್ನೊಂದು ಹಲಗೆಯ ಮೇಲಿಟ್ಟಳು. ಅದು ಮರಳಿನ ಹಾಗೆ ಕಚ್ಚಿಕೊಂಡು ನಿಂತಿತು. ನಿಮ್ಮ ಅಂಕೆ ಹೇಳಿದಷ್ಟೇ ನಿಂತಿತು.

ಮರುದಿನ ಗೆರೆಯ ಆಚೆಯಿಂದ ಅವಳು ಮಾತಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೈಯೆಲ್ಲ ಬಿಳಿ ಮಣ್ಣು, ಕಣ್ಣು ಕೆಂಪು. “ಹಲಸಿನ ಹಪ್ಪಳ ನೀರಿಗೆ ಹಾಕಿದ್ರೆ ಪುನಃ ಹಲಸಾಗ್ತದಾ?” ಎಂದು ಕೇಳಿದಳು. ನನಗೆ ಏನೂ ಅರ್ಥವಾಗಲಿಲ್ಲ. “ಆಗುದಿಲ್ಲ ಅಲ್ವಾ? ನಾವು ಇಷ್ಟು ವರ್ಷ ಹಪ್ಪಳದ ಪರೀಕ್ಷೆ ಮಾಡಿ ಹಲಸಿನ ಲೆಕ್ಕ ಬರ್ದದ್ದು” ಎಂದು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಶೇಡಿ ಮಣ್ಣಿನ ನುಣ್ಣನೆಯ ಕಣಗಳು ಒಮ್ಮೆ ಬಿಸಿಯಲ್ಲಿ ಒಣಗಿದರೆ ಒಂದಕ್ಕೊಂದು ಅಂಟಿ ದಪ್ಪ ಕಾಳುಗಳಾಗುತ್ತವೆ. ಆಮೇಲೆ ಎಷ್ಟು ನೆನೆಸಿದರೂ ಬಿಡಿಸಿಕೊಳ್ಳುವುದಿಲ್ಲ. ನೀವು ಯಂತ್ರದಲ್ಲಿಟ್ಟು ಒತ್ತಿದ್ದು ಆ ಕಾಳುಗಳನ್ನು. ಗುಡ್ಡದ ಒಳಗಿರುವ ಮಣ್ಣಿಗೆ ಯಾರೂ ಬಿಸಿ ತೋರಿಸಿಲ್ಲ, ಅದು ಹುಟ್ಟಿದಾಗಿನಿಂದ ಒದ್ದೆಯಾಗಿಯೇ ಇದೆ.

ನಾನು ಆ ಎರಡು ಹಲಗೆಗಳನ್ನು ಹೊತ್ತು ಹಿರಿಸಭೆಗೆ ಓಡಿದೆ. ಅಲ್ಲಿನ ಯಜಮಾನರು ಮೋನಪ್ಪ ಮಾಸ್ಟ್ರು, ನನಗೆ ಮಣ್ಣು ಕಲಿಸಿದವರು, ಕೆಟ್ಟವರಲ್ಲ. ಅವರ ಮೊಮ್ಮಕ್ಕಳೂ ಮೂಡುಬದಿಯಲ್ಲೇ ಮಲಗುತ್ತಾರೆ. ಹಲಗೆಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ, “ಒಣಗಿಸದ್ದು ಮಣ್ಣು ಅಲ್ಲ ಐತಪ್ಪ, ಕೆಸರು. ಕೆಸರಿಗೆ ಎಂತ ಅಂಕೆ?” ಎಂದರು. ಹಸಿ ಮಣ್ಣಿಗೆ ಹಿರಿಯಂಕೆ ಎಲ್ಲಿಯಾದರೂ ಉಂಟೇ, ಇದ್ದರೆ ತೋರಿಸು, ಈ ಕ್ಷಣ ಊರು ಖಾಲಿ ಮಾಡಿಸುತ್ತೇನೆ ಎಂದರು. ಅವರು ಹೇಳಿದ್ದರಲ್ಲಿ ಒಂದು ಸತ್ಯವಿದೆ. ಹಿನ್ನೀರಿನ ಆಚೆಯ ಗುಡ್ಡದವರು ನಮ್ಮನ್ನು ಸುಮ್ಮನೆ ಸೇರಿಸಿಕೊಳ್ಳುವುದಿಲ್ಲ, ಅವರಿಗೂ ಭಾರನ್ಯಾಯವಿದೆ. ಒಂದು ಇಳಿಜಾರು ಸೋತಿದೆಯೆಂದು ಹಿರಿಯಂಕೆ ಹೇಳಿದರೆ ಮಾತ್ರ ದೋಣಿ ಕಳಿಸಬೇಕೆಂದು ಹಳೆಯ ಒಪ್ಪಂದ. ಎರಡು ಹಲಗೆ ತೋರಿಸಿದರೆ ಅವರು ನಗುತ್ತಾರೆ. ನಾನು ಮಣ್ಣುಮನೆಯ ಪ್ರಬಂಧಗಳನ್ನೆಲ್ಲ ತೆಗೆದು ಕೂತೆ. ಶೇಡಿ ಮಣ್ಣಿನ ಬಗ್ಗೆ ಎಷ್ಟೊಂದು ಜನ ಬರೆದಿದ್ದೀರಿ! ಸಿಮೆಂಟು ಬೆರೆಸಿ ನೋಡಿದ್ದೀರಿ, ಸುಣ್ಣ ಬೆರೆಸಿ ನೋಡಿದ್ದೀರಿ, ತೆಂಗಿನ ನಾರು, ಹಾರುಬೂದಿ, ಕಲ್ಲಿನ ಪುಡಿ, ಏನು ಸಿಕ್ಕಿತೋ ಅದನ್ನೆಲ್ಲ ಬೆರೆಸಿ ನೋಡಿದ್ದೀರಿ. ಎಲ್ಲರೂ ಮೊದಲು ಒಣಗಿಸಿದ್ದೀರಿ. ಏನೂ ಬೆರೆಸದೆ, ಒಣಗಿಸದೆ, ಇದ್ದದ್ದನ್ನು ಇದ್ದ ಹಾಗೆ ನೋಡಿದವರು ಒಬ್ಬರೂ ಸಿಗಲಿಲ್ಲ.

ದೇಜಮ್ಮನನ್ನು ಮೇಲೆ ಬಾ ಎಂದು ಬೇಡಿಕೊಂಡೆ. ಬೈದೆ. ಅತ್ತೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವಳೆದುರು ಅತ್ತದ್ದು ಅದೇ ಮೊದಲು. ಬುಡವಾಸ ಬಿಟ್ಟು ಬಂದವರಿಗೆ ಪುಕ್ಕಲು ಎಂಬ ಹೆಸರು ಬರುತ್ತದೆ, ಇಳಿಜಾರಿಗೆ ಯಾವ ಹೆಸರೂ ಬರುವುದಿಲ್ಲ. ಅವರ ಜಾಗಕ್ಕೆ ಸಾಲಿನಲ್ಲಿ ಮುಂದಿನವರನ್ನು ಇಳಿಸುತ್ತಾರೆ. “ನಾನು ಬಂದ್ರೆ ನಾಳೆ ಇಲ್ಲಿ ಗಿರಿಜೆ ಕೂತ್ಕೊಳ್ಬೇಕು. ಅವಳಿಗೆ ಒರತೆಯ ಬಣ್ಣ ನೋಡ್ಲಿಕ್ಕೆ ಬರುದಿಲ್ಲ. ನೀರು ತಿಳಿಯಾಗಿ ಇರುವಷ್ಟು ದಿನ ಹೆದರಿಕೆ ಇಲ್ಲ, ಬೆಳ್ಳಗಾದ್ರೆ ಒಳಗಿನ ಮಣ್ಣು ಹೊರಟಿತು ಅಂತ ಲೆಕ್ಕ. ಆಗ ನಾನು ಗಂಟೆ ಹೊಡೀತೇನೆ. ನೀವು ಗಂಜಿ ಇಟ್ಟು ಹೋಗಿ” ಎಂದಳು. ಗಿರಿಜೆ ಅವಳ ಶಿಷ್ಯೆ, ನೆತ್ತಿಯಲ್ಲಿ ಇನ್ನೂ ಎಣ್ಣೆ ಆರದ ಹುಡುಗಿ. ಗಂಜಿ ಇಟ್ಟು ಬಂದೆ. ಆವತ್ತಿನಿಂದ ನಾನು ಹೋಗುವಾಗ ಅವಳ ಮುಖಕ್ಕಿಂತ ಮೊದಲು ಒರತೆಯ ನೀರನ್ನು ನೋಡುತ್ತೇನೆ. ಅದು ಅವಳಿಗೂ ಗೊತ್ತು, ಅದಕ್ಕೆ ನನ್ನನ್ನು ತಮಾಷೆ ಮಾಡುತ್ತಾಳೆ.

ಇನ್ನು ಈ ಅಂಚೆಯ ವಿಷಯ. ಹಿಮ್ಮೊಗದ ಅಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಹಾಕುವ ಪೆಟ್ಟಿಗೆ. ಹೇಗೆ ಕೆಲಸ ಮಾಡುತ್ತದೆಂದು ಕೇಳಬೇಡಿ, ನಾನು ಮಣ್ಣಿನವನು. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ತಲುಪುತ್ತದೆಯೇ ಎಂದು ಕೇಳಿದರೆ ಅಂಚೆಮನೆಯ ಸಂಕಪ್ಪಣ್ಣ, “ತಲುಪಿರ್ಲೂಬಹುದು, ತಲುಪದೆ ಇರ್ಲೂಬಹುದು, ರಶೀದಿ ಬೇಕಾದ್ರೆ ಕೊಡ್ತೇನೆ” ಎನ್ನುತ್ತಾನೆ. ದೇಜಮ್ಮ ತನ್ನ ಪಾಲಿನ ಕಾಗದವನ್ನು ಮೊದಲ ಆಟಿಯಲ್ಲೇ ಬರೆದು ನನ್ನ ಕೈಯಲ್ಲಿ ಕಳಿಸಿದಳು, ನಿಮ್ಮ ಮಾರ್ಗದರ್ಶಕರಿಗೆ. ಬೇಡ, ಪ್ರೊಫೆಸರುಗಳು ಎರಡನೆಯ ಪುಟ ತಿರುಗಿಸುವುದಿಲ್ಲ ಎಂದು ನಾನು ಹೇಳಿದ್ದೆ. ಕೇಳಲಿಲ್ಲ. ಕಾಗದ ಹಾಕಿ ಬಂದು ನಿಮ್ಮ ಪ್ರಬಂಧವನ್ನು ಕಪಾಟಿನಿಂದ ತೆಗೆದು ನೋಡಿದೆ. ಮೂರನೆಯ ಅಧ್ಯಾಯ, ಮೊದಲ ಸಾಲು, ಹಾಗೆಯೇ ಇತ್ತು. ಅಂದಿನಿಂದ ದಿನಾ ಬೆಳಿಗ್ಗೆ ಹೋಗಿ ಆ ಸಾಲನ್ನು ಓದುತ್ತೇನೆ. ಮಣ್ಣುಮನೆಯಲ್ಲಿ ನನಗೆ ಭಕ್ತಿ ಹೆಚ್ಚಾಗಿದೆ ಎಂದು ಮಾತಾಡಿಕೊಳ್ಳುತ್ತಾರಂತೆ. ಈಗ ಬರೆಯುತ್ತಿರುವುದು ನನ್ನ ಪಾಲಿನ ಕಾಗದ. ಇದನ್ನು ನನ್ನ ಅಮ್ಮನಿಗೆಂದು ಇಟ್ಟುಕೊಂಡಿದ್ದೆ. ಅವಳು ಹೋಗುವಾಗ ನಾನು ಊರಲ್ಲಿರಲಿಲ್ಲ, ಒಂದೆರಡು ಮಾತು ಬಾಕಿ ಇದೆ. ಆ ಮಾತು ಬಾಕಿಯೇ ಇರಲಿ. ಅಮ್ಮ ಬೇಸರ ಮಾಡಿಕೊಳ್ಳುವವಳಲ್ಲ.

ಪ್ರತೀಕ್ಷಾ, ನಿಮ್ಮ ಪ್ರಬಂಧದಲ್ಲಿ ಒಂದು ಚಿತ್ರವಿದೆ. ಪ್ರಯೋಗಾಲಯದ ಕಿಟಕಿಕಟ್ಟೆಯ ಮೇಲೆ ಬಟ್ಟೆ ಸುತ್ತಿ ಮೇಣ ಬಳಿದ ಒಂದು ಮಣ್ಣಿನ ಗಟ್ಟಿ, ಪಕ್ಕದಲ್ಲಿ ನಿಮ್ಮ ನೀಲಿ ಬುತ್ತಿ ಡಬ್ಬಿ. ಕೆಳಗೆ ‘ಸ್ಥಳದಿಂದ ತಂದ ಮಾದರಿ’ ಎಂದು ಬರೆದಿದೆ. ಗುಡ್ಡದಿಂದ ಅದನ್ನು ಎಷ್ಟು ಜೋಪಾನವಾಗಿ ಕಡಿದು ತಂದಿದ್ದೀರಿ! ಅಲುಗಿಸಿಲ್ಲ, ಒಡೆದಿಲ್ಲ, ಮೇಣದ ಒಳಗೆ ಅದು ಇನ್ನೂ ಒದ್ದೆ. ಆಮೇಲೆ ಅದೇ ಮಣ್ಣನ್ನು ಓವನ್ನಿಗೆ ಹಾಕಿದ್ದೀರಿ. ಮೊದಲ ಸಲ ಇದು ಹೊಳೆದಾಗ ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿಮ್ಮ ಅಮ್ಮನ ಬುತ್ತಿಯ ಮೇಲೂ ಬಂತು. ಆಮೇಲೆ ನಿಮ್ಮ ಕಷ್ಟವನ್ನೂ ಯೋಚಿಸಿದೆ. ಯಂತ್ರ ಇಡೀ ವಿಭಾಗಕ್ಕೆ ಒಂದೇ, ಅದಕ್ಕೆ ಸರದಿ. ಹಸಿ ಶೇಡಿ ಮಣ್ಣನ್ನು ಅದರಲ್ಲಿಟ್ಟರೆ ನೀರು ಮೆಲ್ಲಗೆ ಹೊರಬರುತ್ತದೆ, ಒಂದೊಂದು ಪರೀಕ್ಷೆಗೆ ವಾರ ಹಿಡಿಯುತ್ತದೆ. ಒಣಗಿಸಿದ್ದಾದರೆ ಬೆಳಿಗ್ಗೆ ಇಟ್ಟು ಸಂಜೆ ತೆಗೆಯಬಹುದು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಪತ್ರಿಕೆಯವರ ಕಡೆಯ ದಿನಾಂಕ, ಗೈಡ್ ಮುಖ ತಿರುಗಿಸಿದರೆ ಒಂದು ವರ್ಷ ವ್ಯರ್ಥ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರೂ ಒಣಗಿಸುತ್ತಾರೆ. ಒಣಗಿಸದವರನ್ನು ಏಕೆ ಒಣಗಿಸಲಿಲ್ಲ ಎಂದು ಕೇಳುತ್ತಾರೆ, ಒಣಗಿಸಿದವರನ್ನು ಯಾರೂ ಕೇಳುವುದಿಲ್ಲ.

ನಾನು ಬೇಡುವುದು ಇಷ್ಟೇ. ಎಲ್ಲ ಮಣ್ಣನ್ನೂ ಒಣಗಿಸಿಕೊಳ್ಳಿ, ಪದವಿ ತೆಗೆದುಕೊಳ್ಳಿ, ನಿಮ್ಮ ಗೈಡ್ ಸಂತೋಷವಾಗಿರಲಿ. ಕಿಟಕಿಕಟ್ಟೆಯ ಮೇಲಿನ ಆ ಒಂದು ಗಟ್ಟಿಯನ್ನು ಮಾತ್ರ ಒಣಗಿಸಬೇಡಿ. ಮೇಣ ಬಿಡಿಸಿ, ಹಸಿಯಾಗಿಯೇ ಯಂತ್ರದಲ್ಲಿಟ್ಟು, ಒಂದು ವಾರ ಕಾದು, ಬಂದ ಅಂಕಿಯನ್ನು ಒಂದು ಸಾಲಿನಲ್ಲಿ ಬರೆಯಿರಿ. ಅನುಬಂಧದಲ್ಲಿ ಬರೆದರೂ ಸಾಕು, ಯಾರೂ ಓದದ ಮೂಲೆಯಲ್ಲಿ ಬರೆದರೂ ಸಾಕು, ನಾವು ಓದುತ್ತೇವೆ. ಅದು ಹಿರಿಯಂಕೆಯಾಗುತ್ತದೆ. ಮೋನಪ್ಪ ಮಾಸ್ಟ್ರು ಕೊಟ್ಟ ಮಾತಿಗೆ ತಪ್ಪುವವರಲ್ಲ, ದೋಣಿಗಳು ಬರುತ್ತವೆ. ಸಂಕಪ್ಪಣ್ಣ ಒಂದು ಮಾತು ಹೇಳಿದ. ಹಾಗೇನಾದರೂ ಆದರೆ ಆ ಸಾಲು ಬದಲಾದದ್ದು ನನಗೆ ಗೊತ್ತೇ ಆಗುವುದಿಲ್ಲವಂತೆ, ಮೊದಲಿನಿಂದಲೂ ಹಾಗೆಯೇ ಇತ್ತು ಎಂದುಕೊಳ್ಳುತ್ತೇನಂತೆ. ನಮ್ಮ ಅಜ್ಜಂದಿರ ಕಾಲದಲ್ಲೇ ಈ ಗುಡ್ಡ ಖಾಲಿಯಾಗಿರುತ್ತದಂತೆ, ಬುಡವಾಸವೂ ಇಲ್ಲ, ನಾನು ನಿಮಗೆ ಕಾಗದ ಬರೆದದ್ದೂ ಇಲ್ಲ. ಈ ಕಾಗದ ಬರೆದ ಐತಪ್ಪನೇ ಇಲ್ಲದೆ ಹೋಗುತ್ತಾನಂತೆ. ಇನ್ನೊಂದು ಗುಡ್ಡದಲ್ಲಿ ಇನ್ನೊಬ್ಬ ಐತಪ್ಪ ಇರಬಹುದು, ದೇಜಮ್ಮನನ್ನು ಕಂಡಿರಲೂಬಹುದು, ಕಾಣದೆಯೂ ಇರಬಹುದು. ನಾನು ಇದನ್ನು ಚೆನ್ನಾಗಿ ಯೋಚಿಸಿದ್ದೇನೆ. ಅವಳು ಎಲ್ಲಿಯೋ ಒಂದು ಕಡೆ ಒಣ ನೆಲದ ಮೇಲೆ ಪತ್ರೊಡೆಗೆ ಅಕ್ಕಿ ರುಬ್ಬುತ್ತ ಕೂತಿರುತ್ತಾಳಾದರೆ, ನಾನು ಇಲ್ಲದಿದ್ದರೂ ನಡೆಯುತ್ತದೆ.

ಇವತ್ತು ಬೆಳಿಗ್ಗೆ ಗಂಜಿ ಕೊಂಡುಹೋದಾಗ ಒರತೆ ತಿಳಿಯಾಗಿತ್ತು. ಉಪ್ಪಿನಕಾಯಿ ಮುಗಿಯಿತು, ನಾಳೆ ತನ್ನಿ ಎಂದಳು. ಕಾಗದ ಬರೆಯಲು ಹೋಗುತ್ತಿದ್ದೇನೆ ಎಂದದ್ದಕ್ಕೆ, “ಅಕ್ಷರ ಸ್ವಲ್ಪ ಚಂದ ಮಾಡಿ ಬರೀರಿ ಮಾರಾಯ್ರೇ, ಪಾಪ ಆ ಹುಡುಗಿಗೆ ಓದ್ಲಿಕ್ಕೆ ಆಗ್ಬೇಕಲ್ಲ” ಎಂದಳು. ಅದಕ್ಕೆ ಇಷ್ಟು ನಿಧಾನವಾಗಿ, ಒಂದೊಂದೇ ಅಕ್ಷರ ದುಂಡಗೆ

ಗಂಟೆ ಹೊಡೆಯುತ್ತಿದೆ.

ಮೂಡುಬದಿಯ ಗಂಟೆ. ಜನ ಓಡುತ್ತಿದ್ದಾರೆ. ಸಂಕಪ್ಪಣ್ಣ ಕೈ ಚಾಚಿ ನಿಂತಿದ್ದಾನೆ, “ನೀವು ಓಡಿ ಐತಪ್ಪಣ್ಣ, ಕಾಗದ ನಾನು ಹಾಕ್ತೇನೆ” ಎನ್ನುತ್ತಿದ್ದಾನೆ. ಎಲ್ಲರೂ ಬಂಡೆಯ ಕಡೆ ಹೋಗುತ್ತಿದ್ದಾರೆ, ನಾನು ಕೆಳಗೆ ಹೋಗುತ್ತೇನೆ. ಸುಣ್ಣದ ಗೆರೆ ಮಳೆಗೆ ಎಂದೋ ತೊಳೆದು ಹೋಗಿದೆ. ಅಕ್ಷರ ಕೆಟ್ಟಿತು, ಕ್ಷಮಿಸಿ. ಓವನ್ ಹಚ್ಚಬೇಡಿ, ಪ್ರತೀಕ್ಷಾ. ಇವತ್ತೊಂದು ದಿನ ಹಚ್ಚಬೇಡಿ. ಶಂಖ ಇನ್ನೂ ಊದಿಲ್ಲ. ಅವಳು ಗಂಟೆ ನಿಲ್ಲಿಸಿಲ್ಲ.